ಹೊಳೆಪ್ಪನೆಂಬ ನಾಯಿ

ಯರಗುಪ್ಪಿಯ ಮುದಕಪ್ಪನಿಗೆ ನಾಯಿ ಬೇಕಾಗಿರಲಿಲ್ಲ, ಹೆಂಡತಿ ಬೇಕಾಗಿದ್ದಳು. ಆದರೆ ನಮ್ಮ ಕಡೆ ಯಾವುದೂ ನೆಟ್ಟಗೆ ಸಿಗುವುದಿಲ್ಲ. ರೇಶನ್ ಅಂಗಡಿಯಲ್ಲಿ ಸಕ್ಕರೆ ಕೇಳಿದರೆ ಮೊದಲು ಹುಳ ಹಿಡಿದ ಜೋಳ ಒಯ್ಯಿ ಅನ್ನುತ್ತಾರೆ. ಹಾಗೆಯೇ ಹೆಣ್ಣು ಬೇಕೆಂದವನು ಮೊದಲು ನಾಯಿ ತಂದು ಬಾಗಿಲಲ್ಲಿ ಕಟ್ಟಬೇಕಾಯಿತು.

ಹೆಸರು ಮುದಕಪ್ಪ, ವಯಸ್ಸು ಇಪ್ಪತ್ತಾರು. ಆರನೇ ಇಯತ್ತೆಯಲ್ಲಿ ಮಾಸ್ತರರ ಜೊತೆ ವಾದಕ್ಕೆ ಬಿದ್ದು ಸಾಲೆ ಬಿಟ್ಟವನು ಆ ವಾದವನ್ನು ಇನ್ನೂ ಮುಗಿಸಿರಲಿಲ್ಲ. ಮಾಸ್ತರರು ಸಿಗದಿದ್ದರೆ ಕಂಡಕ್ಟರನ ಜೊತೆ, ಅವನೂ ಸಿಗದಿದ್ದರೆ ತನ್ನ ಎತ್ತಿನ ಜೊತೆ ಮುಂದುವರಿಸುತ್ತಿದ್ದ. ಅವನು ಕೂತು ಉಂಡದ್ದನ್ನು ಕಂಡವರಿಲ್ಲ. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಉಳ್ಳಾಗಡ್ಡಿ, ಬಾಯಲ್ಲಿ ಸರಕಾರ. ಹೆಣ್ಣು ಕೊಡಲು ಬಂದವರು ಒಬ್ಬರಾದ ಮೇಲೊಬ್ಬರು ಚಹಾ ಮುಗಿಯುವುದರೊಳಗೆ ಎದ್ದು ಹೋಗಿದ್ದರು. ಕಡೆಗೆ ಬಂದ ಅಣ್ಣಿಗೇರಿಯವರಂತೂ ಚಹಾ ಮುಟ್ಟಲೂ ಇಲ್ಲ. ಅವರು ಮಾತಿಗೆಂದು "ಈ ವರ್ಷ ಮಳಿ ಚಲೋ ಆತು" ಎಂದಿದ್ದರು, ಇವನು "ಯಾರಿಗೆ ಚಲೋ ಆತ್ರಿ?" ಎಂದು ಎದ್ದು ನಿಂತಿದ್ದ.

ಈ ಸಲ ಸೋದರಮಾವ ಲಕ್ಷ್ಮಣಪ್ಪ ಸಂಶಿಯ ಹನಮಂತಪ್ಪನ ಮಗಳು ಸಾವಕ್ಕನನ್ನು ಗೊತ್ತು ಮಾಡಿಕೊಂಡು ಬಂದಿದ್ದ. ಸಾವಕ್ಕನನ್ನು ಮುದಕಪ್ಪ ಒಮ್ಮೆ ಕುಂದಗೋಳದ ಬಸ್ಸಿನಲ್ಲಿ ನೋಡಿದ್ದ. ಊರ ಮುಂದೆ ಬಸ್ ನಿಲ್ಲಿಸುವುದಿಲ್ಲ ಎಂದ ಡ್ರೈವರನಿಗೆ ಆಕೆ, "ನಿಲ್ಲಸಬ್ಯಾಡ್ರಿ. ಹಂಗ ಹೋಗ್ರಿ. ನಾನೂ ಇಳ್ಯಾಂಗಿಲ್ಲ, ನಿಮ್ಮ ಮನಿತನಾ ಬರ್ತೀನಿ, ನಿಮ್ಮ ಹೇಂತಿ ಕೈಲೆ ಬಿಸಿ ರೊಟ್ಟಿ ಉಣ್ತೀನಿ" ಎಂದಿದ್ದಳು. ಬಸ್ ನಿಂತಿತ್ತು. ಮುದಕಪ್ಪನ ಜೀವ ಮಾತ್ರ ಅಂದಿನಿಂದ ಒಂದು ಕಡೆ ನಿಂತಿರಲಿಲ್ಲ.

"ಹನಮಂತಪ್ಪ ಅಂದ್ರ ಆಕಳದಂಥಾ ಮನಶ್ಯಾ," ಎಂದ ಲಕ್ಷ್ಮಣಪ್ಪ. "ಅಂವ ನೋಡೂದು ಎರಡ. ಮನಿ ಬಾಗಲದಾಗ ಮರ್ಯಾದಿ ಕಾಣಬೇಕು, ಹುಡುಗನ ಬಾಯಿ ಕಾಣಬಾರದು. ಮುಂದಿನ ಸೋಮವಾರ ಬರ್ತಾನ."

"ಮರ್ಯಾದಿ ನಾ ತರ್ತೀನಿ, ಮಾವಾ."

"ಅದು ಎಲ್ಲ್ಯರೆ ಸಿಗತೈತಿ," ಎಂದಳು ತಾಯಿ ದುರ್ಗವ್ವ ಒಲೆಯ ಮುಂದಿನಿಂದ. "ಬಾಯಿ ಎಲ್ಲಿ ಒಯ್ದು ಇಡ್ತೀ, ಅದನ್ನ ಹೇಳು."

ಮರ್ಯಾದೆ ಎಂದರೆ ಏನು, ಅದು ಎಲ್ಲಿ ಸಿಗುತ್ತದೆ ಎಂದು ಮುದಕಪ್ಪ ಯೋಚಿಸುತ್ತ ಕುಂದಗೋಳಕ್ಕೆ ಹತ್ತಿ ಹೇರಿಕೊಂಡು ಹೋದ. ಅಲ್ಲಿ ಹತ್ತಿ ಕೊಳ್ಳುವ ಅಡತಿ ಅಂಗಡಿಯ ಸಾವಕಾರರ ಕಟ್ಟೆಯ ಮೇಲೆ ಅದು ಮಲಗಿತ್ತು. ಕಪ್ಪು ಮೈ, ಕೊರಳಿಗೆ ಚರ್ಮದ ಪಟ್ಟಿ, ಬಂದವರನ್ನು ಕಣ್ಣೆತ್ತಿಯೂ ನೋಡದ ಗತ್ತು. ಇಂಥ ನಾಯಿ ಬಾಗಿಲಲ್ಲಿ ಮಲಗಿದ್ದರೆ ಒಳಗೆ ಮನೆ ಇಲ್ಲದಿದ್ದರೂ ನಡೆಯುತ್ತದೆ ಎಂದು ಮುದಕಪ್ಪನಿಗೆ ಅನ್ನಿಸಿತು.

ಈ ಸಾವಕಾರರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಸುತ್ತ ಹಳ್ಳಿಗಳ ಹತ್ತಿಯೆಲ್ಲ ಅವರ ತೂಕದ ಕಾಟಾ ಹತ್ತಿ ಇಳಿಯುತ್ತಿತ್ತು; ಮಂದಿಗೆ ಅವರು ಬರೀ ಸಾವಕಾರರು, ಅಂಗಡಿ ಬೋರ್ಡಿನ ಮೇಲೆ ಇದ್ದದ್ದು ಸತ್ತ ಅಪ್ಪನ ಹೆಸರು. ತೂಗುವಾಗ ಅವರ ಕಾಲ ಹೆಬ್ಬೆರಳು ಎಲ್ಲಿರುತ್ತಿತ್ತು, ದರ ಮಾಡುವಾಗ ಟವೆಲ್ಲಿನ ಕೆಳಗೆ ದಲಾಲನ ಯಾವ ಬೆರಳು ಹಿಡಿಯುತ್ತಿದ್ದರು ಎಂಬುದೂ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಹೇಳುತ್ತಿರಲಿಲ್ಲ, ಯಾಕೆಂದರೆ ಮುಂದಿನ ವರ್ಷವೂ ಹತ್ತಿ ಬೆಳೆಯುವುದಿತ್ತು.

"ಇಂಥಾ ನಾಯಿ ಎಲ್ಲಿ ಸಿಗತಾವ್ರಿ, ಸಾವಕಾರ್ರ?" ಎಂದು ಕೇಳಿದ ಮುದಕಪ್ಪ.

"ಬೇಕೇನು? ಒಯ್ಯಿ."

ಕಾಟಾದ ಕೆಳಗೆ ಬಿದ್ದ ಹತ್ತಿಯ ಎಳೆಯನ್ನೂ ಹೆಕ್ಕಿ ಒಳಗಿಡುವ ಮನುಷ್ಯ ನಾಯಿಯನ್ನು ಸುಮ್ಮನೆ ಒಯ್ಯಿ ಎಂದರೆ ಬುದ್ಧಿ ಇದ್ದವನು ಅಲ್ಲಿಂದ ಓಡಬೇಕು. ಮುದಕಪ್ಪ ಹಗ್ಗ ಕೇಳಿದ.

"ಹೆಸರೇನ್ರಿ ಇದರದು?"

ಸಾವಕಾರರು ಕೆಮ್ಮಿದರು. ಅತ್ತ ಇತ್ತ ನೋಡಿ, "ಹೊಳೆಪ್ಪ" ಎಂದರು.

"ನಾಯಿಗೆ?"

"ನಾಯಿಗೆ. ಹೆಸರು ಬದಲಿ ಮಾಡಂಗಿಲ್ಲ ನೋಡು. ದಿನಾ ದೀಪಾ ಹಚ್ಚೂ ಹೊತ್ತಿಗೆ ನಾಕ ಮಂದಿಗೆ ಕೇಳೂವಂಗ ಕರದು ರೊಟ್ಟಿ ಹಾಕಬೇಕು. ಮತ್ತೇನೂ ಬ್ಯಾಡ ನನಗ."

ಸಾವಕಾರರ ಹೆಂಡತಿ ಸುಶೀಲವ್ವ ಕಡೆಯ ಸಲವೆಂದು ಒಂದು ಬಟ್ಟಲು ಹಾಲು ತಂದಿಟ್ಟಳು. "ಏ, ಇವನ... ಇಲ್ಲೆ ಬಾ, ನಿನಗ ಅಂತೀನಿ," ಎಂದಳು. ನಾಯಿ ಕಿವಿ ಆಡಿಸಲಿಲ್ಲ.

"ಅಕ್ಕಾರ, ಹೊಳೆಪ್ಪಾ ಅಂತ ಕರೀರೆಲ್ಲ, ಬರತೈತಿ," ಎಂದ ಮುದಕಪ್ಪ.

ಸುಶೀಲವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಳು. ಮುದಕಪ್ಪ ಮನಸ್ಸಿನಲ್ಲೇ ಕೈಮುಗಿದ. ದೊಡ್ಡ ಮನೆತನ ಅಂದರೆ ಇದು, ಹೆಣ್ಣುಮಕ್ಕಳು ನಾಯಿಯ ಜೊತೆ ಮಾತಾಡುವುದಕ್ಕೂ ನಾಚುತ್ತಾರೆ.

ಯರಗುಪ್ಪಿಯ ಅಗಸಿ ಬಾಗಿಲಲ್ಲಿ ನಾಯಿ ಮುಂದೆ, ಮುದಕಪ್ಪ ಹಿಂದೆ ಬಂದದ್ದನ್ನು ನೋಡಿದವರಿಗೆ ಯಾರು ಯಾರನ್ನು ತಂದರು ಎಂಬುದು ತಿಳಿಯಲಿಲ್ಲ. ಪಕ್ಕದ ಮನೆಯ ಮಾಬುಸಾಬ, ಕುಂದಗೋಳಕ್ಕೆ ಬಾಡಿಗೆ ಬಂಡಿ ಹೊಡೆಯುವವನು, ಗೋಡೆಯ ಮೇಲಿಂದ ಕತ್ತು ಚಾಚಿದ.

"ಹೊಳೆಪ್ಪ ಅಂತೇನು? ನನ್ನ ಎತ್ತಿಗೆ ಎಡದಾಂವ, ಬಲದಾಂವ ಅಂತೀನಿ. ನಿನ್ನ ನಾಯಿಗೆ ಅಪ್ಪಾ ಅಂತ ಹಚ್ಚಿದ ಹೆಸರು."

"ನಿನಗ ತಿಳ್ಯಾಂಗಿಲ್ಲ, ಮಾಬು. ಇದು ಸಂಸ್ಥಾನಿಕರ ಮನ್ಯಾನ ನಾಯಿ. ದರಬಾರದಾಗ ಒಂದೊಂದು ನಾಯಿಗೆ ಒಬ್ಬೊಬ್ಬ ಸರದಾರನ ಹೆಸರು ಇಡತಿದ್ರು. ಹೊಳೆಪ್ಪ ಅಂದ್ರ ಭಾರೀ ಸರದಾರ."

ಈ ಸರದಾರನನ್ನು ಮುದಕಪ್ಪ ಹುಟ್ಟಿಸಿದ್ದು ಆ ಕ್ಷಣದಲ್ಲಿ. ಮರುದಿನದ ಹೊತ್ತಿಗೆ ಅವನಿಗೆ ಕುದುರೆ ಬಂದಿತ್ತು, ಅದರ ಮರುದಿನ ಮೂರು ಊರು ಉಂಬಳಿ ಸಿಕ್ಕಿತ್ತು. ದೀಪ ಹಚ್ಚುವ ಹೊತ್ತಿಗೆ ಮುದಕಪ್ಪ ಕಟ್ಟೆಯ ಮೇಲೆ ನಿಂತು "ಹೊಳೆಪ್ಪಾ, ಬಾರಪ್ಪಾ" ಎಂದು ಕೂಗಿದರೆ ಹೊಲದಿಂದ ಬರುವ ದನಗಳೂ ಒಮ್ಮೆ ನಿಂತು ನೋಡುತ್ತಿದ್ದವು.

ಬಣ್ಣ ಕಳಚಿದ್ದು ಶುಕ್ರವಾರ. ದುರ್ಗವ್ವ ರೊಟ್ಟಿ ಬಡಿಯುತ್ತಿದ್ದಳು, ಮುದಕಪ್ಪ ನಿಂತುಕೊಂಡೇ ತಿನ್ನುತ್ತ ಸುಶೀಲವ್ವನ ಸಂಭಾವಿತತನವನ್ನು ವರ್ಣಿಸುತ್ತಿದ್ದ.

"ನಾಯಿ ಹೆಸರು ಕರೀಲಿಲ್ಲ ಬೇ ಅಕಿ. ಏ ಇವನ, ಅಂದ್ಲು. ಕರೀರಿ ಅಂದ್ರ ಸೆರಗು ಹೊತಗೊಂಡು ಗ್ವಾಡಿ ಕಡೆ ತಿರುಗಿದ್ಲು."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಲೇ ಮುದಕ್ಯಾ. ಹೆಣಮಗಳು ಯಾರ ಹೆಸರು ಹೇಳಂಗಿಲ್ಲ?"

"ಗಂಡಂದು."

"ಮತ್ತ?"

ಮುದಕಪ್ಪ ಅಗಿಯುತ್ತಲೇ ಇದ್ದ. ಮಾತು ಅವನ ಕಿವಿಯಿಂದ ತಲೆಗೆ ಹೋಗಿ, ಅಲ್ಲಿ ಯಾರೂ ಸಿಗದೆ ಸ್ವಲ್ಪ ಕಾದು, ಕಡೆಗೆ ಬಾಗಿಲು ತೆರೆಸಿಕೊಂಡಿತು. ಅವನು ಹೊರಗೆ ಮಲಗಿದ್ದ ನಾಯಿಯನ್ನು ನೋಡಿದ. ನಾಯಿ ಆಕಳಿಸಿತು.

"ಇದಕ್ಕ ಸಾವಕಾರಂದ ಹೆಸರು?"

"ತೊಟ್ಟಲದಾಗ ಇಟ್ಟ ಹೆಸರು. ನನ್ನ ತವರಮನಿ ಕಡೆ ಇಂಥಾದ್ದು ನಡೀತಿತ್ತು. ಯಾರಿಗರೆ ಕಂಟಕ ಐತಿ ಅಂತ ಜೋಶಿ ಹೇಳಿದ್ನಂದ್ರ, ತಮ್ಮ ಹೆಸರು ಒಂದು ಪ್ರಾಣಿಗಿಟ್ಟು ಊರ ಸೀಮಿ ದಾಟಸ್ತಿದ್ರು. ಕಂಟಕ ಹೆಸರು ಕೇಳ್ಕೋತ ಬರತೈತಿ. ಆ ಹೆಸರಿಲೆ ಎಲ್ಲಿ ಕರೀತಾರ, ಆ ಮನಿ ಹೊಕ್ಕತೈತಿ."

ಗೋಡೆಯ ಆಚೆಯಿಂದ ಮಾಬುಸಾಬನ ದನಿ ಬಂತು. "ಖರೇ ಐತಿ, ಅಕ್ಕಾ. ಗದಗಿನ ಕಡಿಂದ ಒಬ್ಬ ಜೋಶಿ ಬಂದು ಹ್ವಾದಾಗಿಂದ ಸಾವಕಾರ ಜೀಪು ಹತ್ತೂದು ಬಿಟ್ಟಿದ್ದ, ಬಾವಿ ಹಂತ್ಯಾಕ ಹೋಗೂದು ಬಿಟ್ಟಿದ್ದ. ಮನ್ನೆ ನಾಯಿ ಹ್ವಾದ ಮ್ಯಾಲೆ ನೋಡು, ಮತ್ತ ಜೀಪಿನ್ಯಾಗ ತಿರಗಾಕತ್ಯಾನ."

"ಅಂದ್ರ ನಾ ದಿನಾ ಸಂಜಿಕ ಊರಿಗೆಲ್ಲಾ ಕೇಳೂವಂಗ ಒದರಿ," ಎಂದ ಮುದಕಪ್ಪ ಸಣ್ಣ ದನಿಯಲ್ಲಿ, "ಆ ಮಗನ ಕಂಟಕಕ್ಕ ನಮ್ಮ ಮನಿ ಹಾದಿ ತೋರಸಾಕತ್ತೀನಿ."

ಗೋಡೆಗೆ ಕಿವಿ ಇದ್ದರೆ ಊರಿಗೆ ತಿಳಿಯುವುದು ತಡವಾಗುತ್ತದೆ. ಇಲ್ಲಿ ಗೋಡೆಗೆ ಮಾಬುಸಾಬ ಇದ್ದ. ಬೆಳಗಾಗುವುದರೊಳಗೆ ಓಣಿಯ ಕೆಟ್ಟದ್ದಕ್ಕೆಲ್ಲ ಒಂದು ವಿಳಾಸ ಸಿಕ್ಕಿತು. ಒಬ್ಬರ ಹಾಲು ಒಡೆಯಿತು, ಇನ್ನೊಬ್ಬರ ಕೋಳಿ ಕುಂಟಿತು, ಪಂಚಾಯ್ತಿ ರೇಡಿಯೋ ಧಾರವಾಡದ ಕೃಷಿರಂಗ ಬಿಟ್ಟು ಬರೀ ಗೊರ್ ಎಂದಿತು. ಎಲ್ಲವೂ ಸಾವಕಾರನ ಕಂಟಕ, ಮುದಕಪ್ಪ ತಂದದ್ದು. ಸೋಮವಾರದ ಚಹಾಕ್ಕೆಂದು ಕಪ್ಪು ಬಶಿ ಕೊಡುತ್ತೇವೆ ಎಂದವರು, ನವಲಗುಂದದ ಜಮಖಾನಾ ಹಾಸಿಕೊಳ್ಳಿ ಎಂದವರು ಎಲ್ಲರೂ ಬಂದು, "ಬ್ಯಾರೇ ಕಡೆ ಬೇಕಾಗ್ಯಾವ, ದುರ್ಗವ್ವಾ" ಎಂದು ಕಣ್ಣು ತಪ್ಪಿಸಿದರು. ಲಕ್ಷ್ಮಣಪ್ಪ ತಲೆಯ ಮೇಲೆ ಕೈಹೊತ್ತು ಕೂತ.

"ಕಂಟಕದ ಮನಿ ಅಂತ ಸಂಶಿಗೆ ಸುದ್ದಿ ಹ್ವಾದ್ರ ಹನಮಂತಪ್ಪ ಎತ್ತ ಹೂಡೂದ ಇಲ್ಲ. ಅದನ್ನ ಎಲ್ಲಿಂದ ತಂದಿ ಅಲ್ಲೆ ಬಿಟ್ಟ ಬಾ, ನಡಿ."

ಮುದಕಪ್ಪ ನಾಯಿಯನ್ನು ಸೈಕಲ್ಲಿನ ಹಿಂದೆ ಕೂರಿಸಿ, ಸೊಂಟಕ್ಕೆ ಕಟ್ಟಿಕೊಂಡು, ಕುಂದಗೋಳದ ತನಕ ಒಂದೇ ಉಸಿರಿಗೆ ತುಳಿದ. ಸಾವಕಾರರ ಮನೆಯ ಮಾಳಿಗೆ ಕಿಟಕಿ ತೆರೆದಿತ್ತು. ಅದರಲ್ಲಿ ಸಾವಕಾರರ ಮುಖವಿತ್ತು. ನಾಯಿಯನ್ನು ಕಂಡದ್ದೇ ಕಿಟಕಿ ಮುಚ್ಚಿತು.

"ಸಾವಕಾರ್ರು ಮನ್ಯಾಗಿಲ್ಲ," ಎಂದಿತು ಕಿಟಕಿಯ ಹಿಂದಿನಿಂದ ಸಾವಕಾರರದೇ ದನಿ.

ಕೆಳಗೆ ಬಾಗಿಲಿಗೆ ಬಂದ ಸುಶೀಲವ್ವ ಬಡಪಾಯಿ ಹೆಂಗಸು, ಸುಳ್ಳು ಹೇಳಿ ರೂಢಿಯಿಲ್ಲ. "ಮನ್ಯಾಗಿಲ್ಲ ಅಂತ ಹೇಳಂದ್ರು," ಎಂದಳು.

"ಅಕ್ಕಾರ, ಒಂದ ಮಾತು ಹೇಳಿಬಿಡ್ರಿ. ಈ ನಾಯಿ ಹೆಸರೇನು?"

ಸುಶೀಲವ್ವನ ಕಿವಿ ಕೆಂಪಾಯಿತು. "ಹೋಗೋ ಯಪ್ಪಾ. ನಾ ಹ್ಯಾಂಗ ಹೇಳ್ಲಿ ಅದನ್ನ," ಎಂದು ಸೆರಗು ಕಚ್ಚಿಕೊಂಡು ಒಳಗೆ ಹೋದಳು.

ನಾಯಿಯನ್ನು ಕಟ್ಟೆಗೆ ಕಟ್ಟಿ ಬರಬಹುದಿತ್ತು. ಆದರೆ ಅದು ಕಟ್ಟೆಯನ್ನು ಒಮ್ಮೆ ಮೂಸಿ, ತಿರುಗಿ ಬಂದು, ತಾನಾಗಿಯೇ ಸೈಕಲ್ಲಿನ ಬಳಿ ನಿಂತಿತು. ತನ್ನನ್ನು ಒಲ್ಲದ ಮನೆಯಲ್ಲಿ ನಿಲ್ಲದ ಪ್ರಾಣಿಯನ್ನು ಕಂಡು ಮುದಕಪ್ಪನಿಗೆ ಒಂದು ಬಗೆಯ ಗೌರವವೇ ಹುಟ್ಟಿತು. ಮತ್ತೆ ಸೊಂಟಕ್ಕೆ ಕಟ್ಟಿಕೊಂಡ.

ಊರ ತನಕ ತಡೆದಿದ್ದ ಸಿಟ್ಟು ಅಗಸಿಯಲ್ಲಿ ಕಟ್ಟೆ ಒಡೆಯಿತು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ನಾಯಿಯನ್ನು ಎದುರು ಕೂರಿಸಿ, ನಾಲ್ಕು ಮಂದಿಗೆ ಕೇಳುವಂತೆ ಶುರು ಮಾಡಿದ.

"ಏ ಹೊಳೆಪ್ಪಾ. ಮಾಳಗಿ ಮ್ಯಾಲೆ ಕುಂತು ಮನ್ಯಾಗಿಲ್ಲ ಅಂತೀ? ಲಾಭ ಇದ್ದಾಗ ಅಂಗಡ್ಯಾಗ ಕುಂದರ್ತೀ, ಕಂಟಕ ಬಂದ್ರ ನಮ್ಮ ಮನಿಗೆ ಕಳಸ್ತೀ. ಕಾಟಾದ ತೆಳಗ ಹೆಬ್ಬೆರಳು ಇಡಾಂವ ನೀನ ಅಲ್ಲೇನಲೇ?"

ಅಗಸಿಕಟ್ಟೆಯ ಮೇಲೆ ಕೂತ ಹಿರಿಯರ ಬೀಡಿಗಳು ಆರಿದವು. ಆ ಹೆಬ್ಬೆರಳಿನ ಮಾತನ್ನು ಬಯಲಿನಲ್ಲಿ ಯಾರೂ ಆಡಿರಲಿಲ್ಲ. ಈಗಲೂ ಯಾರೂ ಆಡಲಿಲ್ಲ. ಒಬ್ಬ ಮನುಷ್ಯ ತನ್ನ ನಾಯಿಗೆ ಬೈಯುತ್ತಿದ್ದ, ಅಷ್ಟೇ. ನಾಯಿಗೆ ಬೈಯುವುದಕ್ಕೆ ಈ ದೇಶದಲ್ಲಿ ಇನ್ನೂ ಕಾಯ್ದೆ ಬಂದಿಲ್ಲ.

ಒಬ್ಬ ಮುದುಕ ಎದ್ದು, ಕೋಲೂರಿಕೊಂಡು ಬಂದು, ನಾಯಿಯ ಮುಂದೆ ನಿಂತ. "ಹೊಳೆಪ್ಪಾ," ಎಂದ. "ನನ್ನ ಹತ್ತಿ ಹಸೀ ಐತಿ ಅಂದೆಲ್ಲ, ಸುಡು ಬಿಸಲಾಗ. ನಿನ್ನ ಬಾಯಾಗ ಮಣ್ಣ ಬೀಳ್ಲಿ." ಹೇಳಿ ಮುಗಿಸಿ, ಹತ್ತು ವರ್ಷ ಕಡಿಮೆಯಾದವನಂತೆ ನೆಟ್ಟಗೆ ನಡೆದು ಹೋದ.

ಆ ಸಂಜೆ ಮುದಕಪ್ಪನ ಕಟ್ಟೆಯ ಮುಂದೆ ಪಾಳಿ ನಿಂತಿತು. ಕಂಟಕಕ್ಕೆ ಹೆದರಿದವರೆಲ್ಲ ಬಂದರು, ಯಾಕೆಂದರೆ ಬೈಯಲಿಕ್ಕೆ ಸಿಗುವ ಕಂಟಕ ಅವರು ಈ ತನಕ ಕಂಡಿರಲಿಲ್ಲ. ಟವೆಲ್ಲಿನ ಕೆಳಗಿನ ಬೆರಳುಗಳೆಲ್ಲ ಬಯಲಿಗೆ ಬಂದವು. ನಾಯಿ ಎಲ್ಲವನ್ನೂ ಕಿವಿ ಚಾಚಿ ಕೇಳಿತು, ನಡುನಡುವೆ ಬಾಲ ಆಡಿಸಿ ಒಪ್ಪಿಕೊಂಡಿತು. ಇಷ್ಟು ಸಮಾಧಾನದಿಂದ ಕೇಳಿದ ಪ್ರಾಣಿಗೆ ಬರಿಗೈಯಲ್ಲಿ ಬೈದು ಹೋಗುವುದು ಸರಿಯಲ್ಲ ಎಂದು ಹೆಂಗಸರು ಬರುವಾಗ ರೊಟ್ಟಿ ತರತೊಡಗಿದರು. ಕಪ್ಪು ಬಶಿಗಳು ತಿರುಗಿ ಬಂದವು. ಜಮಖಾನಾ ಸಹ ಬಂತು.

ಇತ್ತ ಕುಂದಗೋಳದಲ್ಲಿ ಸಾವಕಾರರಿಗೆ ಬಿಕ್ಕು ಹತ್ತಿತು. ನೆನೆಸಿದವರ ಹೆಸರು ಹೇಳಿದರೆ ಬಿಕ್ಕು ನಿಲ್ಲುತ್ತದೆ ಅನ್ನುತ್ತಾರೆ. ಆದರೆ ಇಡೀ ಯರಗುಪ್ಪಿಯ ಮಂದಿಯ ಹೆಸರು ಯಾರು ಹೇಳಿಯಾರು?

ಸೋಮವಾರ ಇಳಿಹೊತ್ತಿಗೆ ಹನಮಂತಪ್ಪ ಬಂದ. ತೆಳ್ಳಗಿನ ಮನುಷ್ಯ, ರುಮಾಲನ್ನು ಮೊಳಕಾಲ ಮೇಲಿಟ್ಟುಕೊಂಡು ಜಮಖಾನಾದ ಅಂಚಿನಲ್ಲಿ ಕೂತ, ನಡುವೆ ಕೂತರೆ ಯಾರಿಗಾದರೂ ತ್ರಾಸಾದೀತು ಎನ್ನುವಂತೆ. ಆ ದಿನ ಯಾರೂ ಬೈಯಲು ಬರಬಾರದೆಂದು ಓಣಿಗೆಲ್ಲ ಹೇಳಿಯಾಗಿತ್ತು. ಮುದಕಪ್ಪನ ಬಾಯಿಗೆ ದುರ್ಗವ್ವ ಲಿಂಬೆಹಣ್ಣಿನ ಗಾತ್ರದ ಬೆಲ್ಲದ ಹೆಂಟೆ ತುರುಕಿದ್ದಳು.

"ಹುಡುಗ ಮಾತಾಡಂಗಿಲ್ಲೇನ್ರಿ?" ಎಂದು ಕೇಳಿದ ಹನಮಂತಪ್ಪ.

"ಭಾಳ ಶಾಂತ ಸ್ವಭಾವ ರೀ," ಎಂದ ಲಕ್ಷ್ಮಣಪ್ಪ. ಶಾಂತ ಸ್ವಭಾವ ಗಲ್ಲ ಉಬ್ಬಿಸಿಕೊಂಡು ಕಾಲು ಅಲ್ಲಾಡಿಸುತ್ತಿತ್ತು.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಇಳಿದವರು ಸಾವಕಾರರು. ಹನಮಂತಪ್ಪ ತಟ್ಟನೆ ಎದ್ದು ಕೈಮುಗಿದ; ಅವನ ಹತ್ತಿಯೂ ಅದೇ ಕಾಟಾ ಹತ್ತುತ್ತಿತ್ತು. ಸಾವಕಾರರು ಜಮಖಾನಾದ ನಟ್ಟನಡುವೆ ಕೂತರು.

"ನಾಯಿ ಹ್ಯಾಂಗೈತಿ ನೋಡಿ... ಹಿಕ್... ಹೋಗೂಣಂತ ಬಂದ್ನಿ. ಅದಕ್ಕ ಮಂದಿ ಬಾಯಿಗೆ ಬಂದಂಗ ಬೈತಾರಂತ. ಮೂಕ ಪ್ರಾಣಿ ಅದು. ಪ್ರೀತೀಲೆ... ಹಿಕ್... ಕರೀಬೇಕು, ಸುಮ್ಮನಿರಬೇಕು."

"ನಾಯಿಗೆ ಬೈದ್ರ ನಿಮಗ್ಯಾಕ ಬಿಕ್ಕು ಹತ್ತತೈತ್ರಿ?" ಎಂದ ಮಾಬುಸಾಬ ಗೋಡೆಯ ಮೇಲಿಂದ.

ಒಳಗೆ ದುರ್ಗವ್ವನ ಕೈ ಹಿಟ್ಟಿನಲ್ಲಿತ್ತು, ಹೊರಗೆ ಜೀಪು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ದೀಪ ಹಚ್ಚುವ ಹೊತ್ತಾಗಿತ್ತು. ಅವಳು ಒಲೆಯ ಮುಂದಿನಿಂದಲೇ ಕೂಗಿದಳು.

"ಹೊಳೆಪ್ಪಾ, ಬಾರೋ ನನ್ನಪ್ಪಾ. ರೊಟ್ಟಿ ಆರತೈತಿ."

"ಓ, ಬಂದೆ ಬೇ," ಎಂದರು ಸಾವಕಾರರು. ಎಂದು, ಅರ್ಧ ಎದ್ದೂ ಬಿಟ್ಟರು.

ನಾಯಿ ತಿಪ್ಪೆಯ ಕಡೆಯಿಂದ ಓಡಿ ಬರುವುದು ಒಂದು ಗಳಿಗೆ ತಡವಾಯಿತು. ಅಷ್ಟು ಹೊತ್ತೂ ಸಾವಕಾರರು ಅರ್ಧ ಎದ್ದವರು ಪೂರ್ತಿ ಏಳಲೂ ಆಗದೆ, ಕೂರಲೂ ಆಗದೆ, ತಾಯಿ ಕರೆದಾಗ ಸಿಕ್ಕಿಬಿದ್ದ ಹುಡುಗನ ಹಾಗೆ ನಿಂತಿದ್ದರು. ಬಿಕ್ಕು ನಿಂತುಹೋಗಿತ್ತು.

"ನಿಮ್ಮ ಹೆಸರು ಹೊಳೆಪ್ಪ ಅಂತೇನ್ರಿ?" ಎಂದು ಕೇಳಿದ ಹನಮಂತಪ್ಪ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಹೌದೆಂದರೆ ಸೀಮೆ ದಾಟಿಸಿದ ಕಂಟಕ ಹೆಗಲೇರಿ ಕೂರುತ್ತದೆ. ಸಾವಕಾರರು ಹಣೆ ಒರೆಸಿಕೊಂಡರು. "ಅಲ್ಲ. ಅದು ನಾಯಿ ಹೆಸರು. ನನಗೂ ಆ ಹೆಸರಿಗೂ ಏನೂ ಸಂಬಂಧ ಇಲ್ಲ."

ಮುದಕಪ್ಪನ ಬಾಯಿಯ ಬೆಲ್ಲ ಅಲ್ಲಿಗೆ ಕರಗಿತು. ಲಕ್ಷ್ಮಣಪ್ಪ ಅವನ ತೊಡೆ ಚಿವುಟಿದ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಹೆಣ್ಣು ಸಿಗುತ್ತಿತ್ತು, ಅದು ಮುದಕಪ್ಪನಿಗೂ ಗೊತ್ತಿತ್ತು. ಹನಮಂತಪ್ಪ ಇನ್ನೂ ಕೈಮುಗಿದೇ ನಿಂತಿದ್ದ. ಆ ಮುಗಿದ ಕೈ ನೋಡುತ್ತ ಮುದಕಪ್ಪನಿಗೆ ಕೂರಲಾಗಲಿಲ್ಲ.

"ಸಂಬಂಧ ಇಲ್ಲಂತ ನೀವ ಅಂದ್ರಿ," ಎಂದು ಎದ್ದ. ನಾಯಿಯ ಕಡೆ ತಿರುಗಿದ. "ಕೇಳ್ದೇನಲೇ ಹೊಳೆಪ್ಪಾ? ಹಡದವ್ವ ಇಟ್ಟ ಹೆಸರು ನಾಯಿಗೆ ಹಚ್ಚಿ, ಈಗ ನನ್ನದಲ್ಲ ಅಂತೀ. ನಮ್ಮ ಬೆಳಿ ತಿಂದಿ, ನಿನ್ನ ಸಾವೂ ನಮ್ಮ ಮನಿಗೆ ಕಳಸ್ತೀ. ಊರ ಮಂದಿ ನಿನ್ನ ಮುಂದ ಕೈ ಮುಗದು ಮುಗದು ಅವರ ಬೆನ್ನ ಬಗ್ಗ್ಯಾವಲೇ. ಒಮ್ಮೆರೆ ಕಾಟಾದ ಮ್ಯಾಲೆ ನೀ ಹತ್ತಿ ನಿಲ್ಲು, ಎಷ್ಟು ತೂಗ್ತಿ ನೋಡೂಣು."

"ಹೋತು," ಎಂದ ಲಕ್ಷ್ಮಣಪ್ಪ ಕಣ್ಣು ಮುಚ್ಚಿಕೊಂಡು. "ಇದೂ ಹೋತು."

ಹನಮಂತಪ್ಪ ರುಮಾಲು ಸುತ್ತಿಕೊಂಡ. ಕಟ್ಟೆ ಇಳಿದ. ಕಾಲ್ಮರಿ ಮೆಟ್ಟಿದ. ಬಂಡಿಯ ಕಡೆ ನಡೆದಾನು ಎಂದು ಎಲ್ಲರೂ ನೋಡುತ್ತಿದ್ದರೆ ಅವನು ನಾಯಿಯ ಮುಂದೆ ಹೋಗಿ ನಿಂತ.

"ಹೊಳೆಪ್ಪನವರ, ತಪ್ಪ ತಿಳೀಬ್ಯಾಡ್ರಿ," ಎಂದ, ಎಂದಿನ ಮೆತ್ತಗಿನ ದನಿಯಲ್ಲಿ. "ಹ್ವಾದ ವರ್ಷ ನಮ್ಮ ಹತ್ತಿ ಮನ್ಯಾಗ ತೂಗಿದಾಗ ಒಂದಿತ್ರಿ, ನಿಮ್ಮಲ್ಲೆ ತೂಗಿದಾಗ ಒಂದಾತ್ರಿ. ಹತ್ತಿ ಹಾದ್ಯಾಗ ಸವೀತೈತಿ ಅಂದ್ರಿ ನೀವು. ನಾ ಹೂಂ ಅಂದ್ನಿ. ಮನಿಗೆ ಹ್ವಾದ ಮ್ಯಾಲೆ ನನ್ನ ಮಗಳು, ಹೂಂ ಯಾಕ ಅಂದಿ ಯಪ್ಪಾ, ಅಂತ ಕೇಳಿದ್ಲು. ಅಕಿ ಇನ್ನೂ ಕೇಳ್ತಾಳ್ರಿ."

ಬೈದು ರೂಢಿಯಿಲ್ಲದ ಬಾಯಿ.

"ನೀವು ಭಾಳ ಕೆಟ್ಟ ಮನಶ್ಯಾರು ಅದೀರಿ, ಹೊಳೆಪ್ಪನವರ."

ನಾಯಿ ಅವನ ಕೈ ನೆಕ್ಕಿತು. ಸಾವಕಾರರು ಜೀಪಿನ ಕಡೆ ನಡೆದರು. ಹತ್ತುವ ಮೊದಲು ತಿರುಗಿ, ಈ ಬೈಗುಳಕ್ಕಿಂತ ಕಂಟಕವೇ ವಾಸಿ ಎನ್ನುವಂತೆ, "ನಾಯಿ ನಾ ವಾಪಸ್ ಒಯ್ತೀನಿ, ಹಿಡದು ಕೊಡು" ಎಂದರು ಮುದಕಪ್ಪನಿಗೆ.

ಹನಮಂತಪ್ಪ ಕಾಲ್ಮರಿ ಬಿಟ್ಟು ಮತ್ತೆ ಕಟ್ಟೆ ಹತ್ತಿದ. ಈ ಸಲ ಜಮಖಾನಾದ ನಡುವೆ, ಸಾವಕಾರರು ಕೂತಿದ್ದ ಜಾಗದಲ್ಲೇ ಕೂತ.

"ಲಕ್ಷ್ಮಣಪ್ಪ, ಎಲಿ ಅಡಿಕಿ ತರ್ರಿ," ಎಂದ. "ಹುಡುಗೀನ ಕೊಟ್ಟೆ."

ಆಮೇಲೆ ಮುದಕಪ್ಪನ ತೋಳು ಹಿಡಿದು ಹತ್ತಿರ ಎಳೆದುಕೊಂಡು, ಜೀಪಿನವರೆಗೂ ಕೇಳುವಂತೆ ಹೇಳಿದ:

"ನಾಯಿ ಮಾತ್ರ ಕೊಡಬ್ಯಾಡ್ರಿ, ಅಳಿಯಂದ್ರ. ನಮ್ಮೂರಾಗ ಇನ್ನೂ ಭಾಳ ಮಂದಿ ಅದಾರ."